ಮುದ್ದೆ ಮಿಷನ್ನಿಗೊಬ್ಬ ಮನೆ ಲಾಯರು

ಕಾಫಿ ಬೀಜ ಹುರಿಯುವ ವಾಸನೆ ಬಂದರೆ ಬೇರೆಯವರಿಗೆ ಬಾಯಲ್ಲಿ ನೀರೂರುತ್ತದೆ. ನನಗೆ ಸಿಟ್ಟು ಬರುತ್ತದೆ. ಮೊನ್ನೆ ಕನ್ನಡಕ ರಿಪೇರಿಗೆಂದು ರಾಜಾಜಿನಗರಕ್ಕೆ ಹೋದವಳನ್ನು ಮಳೆ ಸರಿಯಾಗಿ ಆ ಕಾಫಿಪುಡಿ ಅಂಗಡಿಯ ಮುಂದೆಯೇ ಹಿಡಿದು ನಿಲ್ಲಿಸಿತು. ಒಳಗೆ ಹುರಿಯುವ ಡ್ರಮ್ಮು ಗರಗರ ತಿರುಗುತ್ತಿತ್ತು. ಪಕ್ಕದಲ್ಲಿ ಮಳೆಗೆ ನಿಂತಿದ್ದ ಹುಡುಗಿ, "ಏನ್ ಘಮ ಅಲ್ವಾ ಆಂಟಿ?" ಎಂದಳು. "ನಂಗಾಗಲ್ಲಮ್ಮ," ಎಂದೆ. ಪಾಪ, ಅವಳಿಗೇನು ಗೊತ್ತು. ಆ ಅಂಗಡಿಯ ಪಕ್ಕದ ಕಿರಿದಾದ ಮೆಟ್ಟಿಲು ಹತ್ತಿದರೆ ನಮ್ಮ ಮನೆ ಲಾಯರ್ ಶೇಖರ್ ಅವರ ಆಫೀಸು. ಬೋರ್ಡಿನಲ್ಲಿ ಮೊದಲಿಂದ ಇದ್ದ ಸೈಟು, ಖಾತೆ, ಆಸ್ತಿ ವಿಭಾಗಗಳ ಕೆಳಗೆ ಈಗ ಹೊಸ ಬಣ್ಣದಲ್ಲಿ 'ವಿದೇಶದಲ್ಲಿ ಕಂಪನಿ ಸ್ಥಾಪನೆಗೆ ಸಲಹೆ' ಎಂದು ಬರೆಸಿದ್ದಾರೆ. ಆ ಕ್ಷೌರ ಕಲಿಯುವುದಕ್ಕೆ ಅವರಿಗೆ ಸಿಕ್ಕಿದ ತಲೆ ನಮ್ಮದು. ಮಳೆ ನಿಲ್ಲುವ ತನಕ ಆ ಬೋರ್ಡನ್ನು ದುರುಗುಟ್ಟಿಕೊಂಡು ನೋಡುತ್ತಾ ನಿಂತಿದ್ದೆ.

ಮೂರು ವರ್ಷದ ಹಿಂದಿನ ಮಳೆಗಾಲದ ಮಾತು. ಕಾಮಾಕ್ಷಿಪಾಳ್ಯದಲ್ಲಿ ನಮ್ಮಪ್ಪ ಒಂದೇ ಒಂದು ಲೇತ್ ಇಟ್ಟುಕೊಂಡು ಶುರುಮಾಡಿದ ಶೆಡ್ಡು ಇದೆ. ಅಪ್ಪ ಹೋದ ಮೇಲೆ ಅಣ್ಣ ರಂಗಸ್ವಾಮಿ ಅದರ ಯಜಮಾನ. ನಾನು ಮೆಕ್ಯಾನಿಕಲ್ ಡಿಪ್ಲೊಮಾ ಮಾಡಿದವಳು, ಮೂಡಲಪಾಳ್ಯಕ್ಕೆ ಮದುವೆಯಾಗಿ ಹೋದವಳು. ಆದರೂ ಬೆಳಗಾದರೆ ಸ್ಕೂಟರ್ ಏರಿ ಶೆಡ್ಡಿಗೆ ಬಂದು ಡ್ರಾಯಿಂಗ್ ಹಾಕುವ ಕೆಲಸ ನನ್ನದೇ. ಅಣ್ಣನಿಗೆ ಒಳ್ಳೆಯ ಕೈಯಿದೆ, ಕಬ್ಬಿಣ ಅವನು ಹೇಳಿದಂತೆ ಕೇಳುತ್ತದೆ. ಆದರೆ ಏನನ್ನು ಹೇಗೆ ಮಾಡಬೇಕು ಎಂಬುದನ್ನು ನಾನು ಕಾಗದದ ಮೇಲೆ ಹಾಕಿಕೊಡಬೇಕು. ಇಷ್ಟೆಲ್ಲ ವರ್ಷ ಹೀಗೆ ದುಡಿದರೂ ಶೆಡ್ಡಿನ ಯಾವ ಕಾಗದದಲ್ಲೂ ನನ್ನ ಹೆಸರಿರಲಿಲ್ಲ. ಬಂದವರಿಗೆ ಅಣ್ಣ, "ನಮ್ ತಂಗಿ ಸರೋಜಾ, ಸುಮ್ನೆ ಸಹಾಯಕ್ ಬರ್ತಾಳೆ," ಎಂದು ಪರಿಚಯ ಮಾಡಿಕೊಡುತ್ತಿದ್ದ.

ಆ ಸಹಾಯದಿಂದ ಹುಟ್ಟಿದ್ದೇ ನಮ್ಮ ಮುದ್ದೆ ಮಿಷನ್ನು. ಹಾಸ್ಟೆಲ್ಲು, ಕ್ಯಾಂಟೀನುಗಳಿಗೆ ರಾಗಿ ಮುದ್ದೆ ಮಾಡುವ ಯಂತ್ರ ಬೇರೆಯವರೂ ಮಾಡುತ್ತಿದ್ದರು. ಎಲ್ಲರ ಮಿಷನ್ನಿನಲ್ಲೂ ಹಿಟ್ಟು ಗಂಟಾಗುತ್ತಿತ್ತು. ಅಮ್ಮ ಮುದ್ದೆ ಕೋಲಿನಲ್ಲಿ ತೊಳಸುವಾಗ ಒಂದು ಸುತ್ತು ಬಲಕ್ಕೆ ಹೋಗಿ, ಪಾತ್ರೆಯ ಅಂಚಿಗೆ ಒತ್ತಿ ಎಡಕ್ಕೆ ಎಳೆಯುತ್ತಿದ್ದಳು. ಹಾಗೆಯೇ ಹಿಟ್ಟನ್ನು ಅರ್ಧ ದಾರಿ ಮುಂದಕ್ಕೆ ತಳ್ಳಿ, ಅಲ್ಲಿ ಒತ್ತಿ, ತಿರುಗಿಸಿ ಎಳೆಯುವ ಒಂದು ಸ್ಕ್ರೂ ನಾನು ಬರೆದೆ. ಅಣ್ಣ ನಕ್ಕ, ಆದರೂ ಮಾಡಿಕೊಟ್ಟ. ಗಂಟಿಲ್ಲದ ಮುದ್ದೆ ಉರುಳಿ ಬಂದು ತಟ್ಟೆಗೆ ಬಿದ್ದಾಗ ನಗುವುದನ್ನು ಬಿಟ್ಟ.

ಆ ವರ್ಷ ಬೇಸಿಗೆಯ ಕೊನೆಯಲ್ಲಿ ಪೀಣ್ಯದಲ್ಲಿ ಯಂತ್ರಗಳ ಪ್ರದರ್ಶನ ನಡೆಯಿತು. ನೈರೋಬಿಯಿಂದ ಬಂದಿದ್ದ ಒಟಿಯೆನೊ ಎಂಬ ವ್ಯಾಪಾರಿ ಅಲ್ಲಿ ನಮ್ಮ ಮುದ್ದೆಯನ್ನು ಕಂಡು, "ಇದು ನಮ್ಮ ಉಗಾಲಿ!" ಎಂದು ಕೂಗಿಯೇಬಿಟ್ಟರು. ಅವರ ಕಡೆ ಮುಸುಕಿನ ಜೋಳದ ಹಿಟ್ಟಿನಲ್ಲಿ ಹೀಗೆಯೇ ತೊಳಸಿ ಗಟ್ಟಿ ಮಾಡಿ ತಿನ್ನುತ್ತಾರಂತೆ. ಮಾರನೆಯ ದಿನ ಶೆಡ್ಡಿಗೂ ಬಂದರು. ಅಣ್ಣ ಸೊಪ್ಪಿನ ಸಾರಿನ ಜೊತೆ ಮುದ್ದೆ ಬಡಿಸಿ, ಅಗಿಯದೆ ನುಂಗಬೇಕು ಎಂದು ಎಷ್ಟು ಹೇಳಿಕೊಟ್ಟರೂ ಅವರು ಅಗಿದೇ ತಿಂದರು. ಇಲ್ಲಿಂದ ಇಡೀ ಮಿಷನ್ನು ಕಳಿಸಿದರೆ ದುಬಾರಿಯಾಗುತ್ತದೆ, ನಮ್ಮೂರಲ್ಲೇ ನಿಮ್ಮದೊಂದು ಕಂಪನಿ ಮಾಡಿ, ಅಲ್ಲೇ ಜೋಡಿಸಿ ಮಾರಿ, ಶಾಲೆ ಕ್ಯಾಂಟೀನುಗಳ ಗಿರಾಕಿ ನಾನು ತರುತ್ತೇನೆ ಎಂದರು. ಹೊರಡುವಾಗ, "ಮೊದಲು ಒಳ್ಳೆ ವಕೀಲರನ್ನು ಹಿಡೀರಿ," ಎಂದೂ ಹೇಳಿದರು. ಆ ಮಾತನ್ನು ಅವರು ಹೇಳದೇ ಇದ್ದಿದ್ದರೆ ಚೆನ್ನಾಗಿತ್ತು ಎಂದು ಆಮೇಲೆ ಎಷ್ಟೋ ಸಲ ಅಂದುಕೊಂಡೆ.

ಅವರನ್ನು ಆಟೊ ಹತ್ತಿಸಿ ಬಂದ ಅಣ್ಣನ ಮುಖದಲ್ಲಿ ಅಷ್ಟೊಂದು ಸಂತೋಷವನ್ನು ನಾನು ಅವನ ಮದುವೆಯಲ್ಲೂ ನೋಡಿರಲಿಲ್ಲ. "ಸರೋಜಾ, ಆ ಕಂಪನಿ ನಿಂದು ನಂದು ಅರ್ಧ ಅರ್ಧ ಕಣೇ. ನಿನ್ ಹೆಸ್ರು ನನ್ ಹೆಸ್ರು ಎರಡೂ ಇರ್ಬೇಕು. ಅಪ್ಪನಾಣೆ," ಎಂದ. ನಾನು ಲೇತಿನ ಮೇಲಿದ್ದ ಕಬ್ಬಿಣದ ಸಿಂಬೆಗಳನ್ನು ಗುಡಿಸಿದೆ. ಮಾತಾಡಿದ್ದರೆ ಅಳು ಬರುತ್ತಿತ್ತು.

ವಕೀಲರು ಎಂದೊಡನೆ ನಮ್ಮಣ್ಣನ ಕಾಲು ತಾನಾಗಿ ಕಾಫಿಪುಡಿ ಅಂಗಡಿಯ ಮೆಟ್ಟಿಲಿನ ಕಡೆ ತಿರುಗುತ್ತದೆ. ನಮ್ಮಂಥ ಮನೆಗಳಲ್ಲಿ ಮನೆ ಡಾಕ್ಟರಂತೆ ಮನೆ ಲಾಯರೂ ಒಬ್ಬರಿರುತ್ತಾರೆ. ಮದುವೆ ಕಾರ್ಡು ಮೊದಲು ಅವರಿಗೆ ಹೋಗಬೇಕು, ನಾಮಕರಣದಲ್ಲಿ ಅವರಿಗೆ ಮುಂದಿನ ಸಾಲು. ಅವರನ್ನು ಬಿಟ್ಟು ಬೇರೆಯವರ ಹತ್ತಿರ ಹೋದರೆ ಮಹಾ ದ್ರೋಹ. ಅಪ್ಪನ ಕಾಲದಲ್ಲಿ ನಮ್ಮ ಒಂದು ಸೈಟನ್ನು ಯಾರೋ ತಮ್ಮದೆಂದು ಕೇಸು ಹಾಕಿದಾಗ ಶೇಖರ್ ವರ್ಷಗಟ್ಟಲೆ ಓಡಾಡಿ ಉಳಿಸಿಕೊಟ್ಟಿದ್ದರು. ಅದು ನಿಜ, ಇಲ್ಲ ಎನ್ನುವುದಿಲ್ಲ. ಅದೇ ಸೈಟಿನಲ್ಲಿ ನನಗೆ ಹಕ್ಕಿಲ್ಲ ಎಂದು ನನ್ನಿಂದ ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಹಾಕಿಸಿಕೊಂಡದ್ದೂ ಅವರೇ. ಅವತ್ತು ಸಬ್ ರಿಜಿಸ್ಟ್ರಾರ್ ಆಫೀಸಿನ ಬೆಂಚಿನ ಮೇಲೆ, "ಹೆಣ್ಮಗಳಿಗೆ ತವರ ಬಾಗ್ಲು ತೆರೆದಿದ್ರೆ ಸಾಕಲ್ಲಮ್ಮ, ಇನ್ನೇನ್ ಬೇಕು?" ಎಂದಿದ್ದರು. ಅರಿಶಿನ ಕುಂಕುಮಕ್ಕೆ ಎಂದು ತವರಿನಿಂದ ಒಂದು ರೇಷ್ಮೆ ಸೀರೆ ಕೊಟ್ಟರು. ಆ ಸೀರೆಯನ್ನು ನಾನು ಇಲ್ಲಿಯ ತನಕ ಉಟ್ಟಿಲ್ಲ.

"ಸೈಟ್ ಕೇಸ್ ಬೇರೆ, ಬೇರೆ ದೇಶದಲ್ಲಿ ಕಂಪನಿ ಮಾಡೋದು ಬೇರೆ ಕಣಣ್ಣ. ಅದಕ್ಕೇ ಅಂತ ಓದಿರೋರು ಇರ್ತಾರೆ. ವಿಚಾರಿಸೋಣ," ಎಂದೆ.

"ಏನ್ ಬೇರೆ? ಕಾನೂನು ಎಲ್ಲಿದ್ರೂ ಕಾನೂನೇ. ಸಾರ್‌ಗೆ ಗೊತ್ತಿಲ್ದಿದ್ದಾ?"

ಸಾರ್‌ಗೆ ಗೊತ್ತಿತ್ತು. ನಾವು ಹೋಗಿ ಕೂತಾಗ ಕೆಳಗಿನ ಡ್ರಮ್ಮಿನ ಹೊಗೆ ಕಿಟಕಿಯಿಂದ ಒಳಗೆ ಬರುತ್ತಿತ್ತು. ಶೇಖರ್ ಮೂರು ಲೋಟ ಕಾಫಿ ತರಿಸಿ, ಕನ್ನಡಕ ಒರೆಸಿಕೊಂಡು, ಆ ದೇಶದಲ್ಲಿ ಹೊರಗಿನವರು ಕಂಪನಿ ಮಾಡಬೇಕಾದರೆ ನೂರರಲ್ಲಿ ಐವತ್ತೊಂದು ಪಾಲು ಅಲ್ಲಿಯವರ ಹೆಸರಿನಲ್ಲೇ ಇರಬೇಕು ಎಂದು ಹೇಳಿದರು. ಅದೃಷ್ಟ ನೋಡಿ, ಅವರ ಷಡ್ಡಕ ಮೋಹನ್ ಎಂಬುವವರು ನೈರೋಬಿಯಲ್ಲಿ ಹಾರ್ಡ್‌ವೇರ್ ಅಂಗಡಿ ಇಟ್ಟುಕೊಂಡು, ಅಲ್ಲಿಯ ಪ್ರಜೆಯೇ ಆಗಿದ್ದಾರಂತೆ. ನಮ್ಮೋರೇ ಒಬ್ಬರು ಸಿಕ್ಕಿದರಲ್ಲ ಎಂದು ಅಣ್ಣ ಕೈ ಮುಗಿದ.

"ಯಾವ ಕಾಯ್ದೆ ಸಾರ್ ಅದು?" ಎಂದು ಕೇಳಿದೆ.

"ಅಮ್ಮಾ, ಮಿಷನ್ ವಿಷ್ಯ ನೀವ್ ಹೇಳಿ, ನಾನ್ ಬಾಯ್ಮುಚ್ಕೊಂಡು ಕೇಳ್ತೀನಿ. ಕಾನೂನು ನಂಗೆ ಬಿಡಿ."

"ಉಳಿದ ನಲವತ್ತೊಂಬತ್ತು?"

"ಸದ್ಯಕ್ಕೆ ರಂಗಸ್ವಾಮಿಯವ್ರ ಹೆಸ್ರಲ್ಲೇ ಇರ್ಲಿ. ನೀವು ಮದ್ವೆಯಾಗಿ ಬೇರೆ ಮನೆಗ್ ಹೋದವ್ರು, ಹೆಸ್ರು ಜಾಸ್ತಿ ಆದಷ್ಟೂ ತೊಡಕು. ನೀವು ಇದೊಂದಕ್ಕೆ ಸಹಿ ಹಾಕಿ ಸಾಕು."

ಮುಂದೆ ತಳ್ಳಿದ ಕಾಗದದಲ್ಲಿ, ಮಿಷನ್ನಿನ ಡಿಸೈನಿನ ಮೇಲೆ ನನಗೆ ಯಾವ ಹಕ್ಕೂ ಇಲ್ಲ, ಅದು ಕಂಪನಿಯದೇ ಎಂದು ಬರೆದಿತ್ತು. ಕಂಪನಿ ಎಂದರೆ ಯಾರು? ಹೆಚ್ಚು ಪಾಲು ಇದ್ದವನು. ಅಂದರೆ ನಾನು ಮುಖ ನೋಡದ ಮೋಹನ. ಅಮ್ಮನ ಕೈ ನೋಡಿ ನಾನು ಬರೆದ ಸ್ಕ್ರೂ ಲಾಯರ ಷಡ್ಡಕನ ಪಾಲಾಗುವುದಿತ್ತು. ಪೆನ್ನು ತೆಗೆದುಕೊಳ್ಳಲಿಲ್ಲ. ಶೇಖರ್ ನಿಟ್ಟುಸಿರು ಬಿಟ್ಟು ಅದೇ ಹಳೇ ಮಾತು ತೆಗೆದರು. "ತವರ ಬಾಗ್ಲು ತೆರೆದಿರ್ಬೇಕಲ್ಲಮ್ಮ." ನಾನು ಕಾಫಿ ಲೋಟವನ್ನು ಮುಟ್ಟದೆ ಎದ್ದೆ. ಹಿಂದಿನಿಂದ ಅಣ್ಣ, "ಆಮೇಲ್ ಹಾಕ್ತಾಳೆ ಬಿಡಿ ಸಾರ್, ನನ್ನ ಸಹಿ ಮೊದ್ಲು ತಗೊಳ್ಳಿ. ಆಷಾಢ ಬಂದ್ಬಿಡುತ್ತೆ," ಎನ್ನುವುದು ಕೇಳಿಸಿತು.

ಆಷಾಢದ್ದೇ ಅವನಿಗೆ ದೊಡ್ಡ ಚಿಂತೆ. ಆ ತಿಂಗಳಲ್ಲಿ ಹೊಸ ಕೆಲಸಕ್ಕೆ ಸಹಿ ಹಾಕಬಾರದು. ಅಷ್ಟರೊಳಗೆ ಕಾಗದ ಊರು ಬಿಡಬೇಕು. ಹಾಗಾಗಿ ಏನು ಬರೆದಿದೆ ಎಂದು ಓದದೆ, ತೋರಿಸಿದ ಕಡೆಯೆಲ್ಲ ಸಹಿ ಹಾಕಿ, ನೋಟರಿ ಸೀಲು ಒತ್ತಿಸಿಕೊಂಡು ಬಂದ. ಮಾರನೆಯ ಬೆಳಿಗ್ಗೆ ಶೆಡ್ಡಿಗೆ ಹೋದರೆ ದೇವರ ಪಟದ ಮುಂದೆ ಆ ಕಾಗದಗಳನ್ನು ಹರಡಿಕೊಂಡು ಕೂತಿದ್ದಾನೆ. ಹೊಸ ಗಾಡಿಗೆ, ಹೊಸ ಬಿಲ್ ಪುಸ್ತಕಕ್ಕೆ, ಮಗಳ ಹಾಲ್ ಟಿಕೆಟ್ಟಿಗೆ ಹಚ್ಚುವ ಹಾಗೆಯೇ ಪ್ರತಿ ಹಾಳೆಯ ನಾಲ್ಕು ಮೂಲೆಗೂ ಒದ್ದೆ ಅರಿಶಿನ, ಅದರ ಮೇಲೆ ಕುಂಕುಮ. ಸಹಿಯ ಹಾಳೆಗೆ ಭಕ್ತಿ ಇನ್ನೂ ಜಾಸ್ತಿಯಾಗಿ ನೋಟರಿ ಸೀಲಿನ ಮೇಲೂ ಒಂದು ಬೊಟ್ಟು.

"ಅಯ್ಯೋ, ಅದೇನ್ ಸ್ಕೂಟರ್ರಾ ಅಣ್ಣ? ಪರದೇಶಕ್ಕೆ ಹೋಗೋ ಕಾಗ್ದ!" ಎಂದು ಕಿರುಚಿದೆ.

"ಪರದೇಶಕ್ಕೆ ಹೋಗುತ್ತೆ ಅಂತ್ಲೇ ಹಚ್ಚಿದ್ದು," ಎಂದ. ನಾನು ಬೈಯುವುದನ್ನು ನಿಲ್ಲಿಸದಿದ್ದಾಗ ಟವೆಲ್ಲಿನಲ್ಲಿ ಒರೆಸಲು ಹೋದ. ಅರಿಶಿನ ಹರಡಿತು, ಕುಂಕುಮ ಅದರೊಳಗೆ ಕಲೆತು ಇಡೀ ಹಾಳೆ ಕೆಂಪಾಯಿತು. ಊದಿ ಒಣಗಿಸಿ, ಅದನ್ನೇ ಲಕೋಟೆಗೆ ಹಾಕಿ, ಮಧ್ಯಾಹ್ನದ ರಾಹುಕಾಲ ಕಳೆದ ಮೇಲೆ ಕೊರಿಯರಿಗೆ ಕೊಟ್ಟು ಬಂದ.

ಆಷಾಢದ ಮಳೆ ಶುರುವಾಯಿತು. ಕಾಮಾಕ್ಷಿಪಾಳ್ಯದ ಮಳೆ ಎಂದರೆ ಆಕಾಶದ ನೀರಿಗಿಂತ ಮೋರಿಯ ನೀರೇ ಹೆಚ್ಚು. ಶೆಡ್ಡಿನ ಬಾಗಿಲಿಗೆ ಮರಳಿನ ಚೀಲ ಒಡ್ಡಿ, ಸೋರುವ ಕಡೆ ಬಕೆಟ್ ಇಟ್ಟು, ನಾವಿಬ್ಬರೂ ಜೋಳದ ಹಿಟ್ಟಿಗೆ ಹೊಂದುವ ಹೊಸ ಸ್ಕ್ರೂ ಮಾಡಲು ಕೂತೆವು. ರಾಗಿಯ ಸ್ಕ್ರೂನಲ್ಲಿ ಜೋಳದ ಹಿಟ್ಟು ಪಾತ್ರೆಗೆ ಅಂಟಿ ಸೀಯುತ್ತಿತ್ತು. ನಾನು ಇಳಿಜಾರು ಬದಲಿಸಿ ಬರೆದುಕೊಡುವುದು, ಅವನು ಲೇತಿನಲ್ಲಿ ತಿರುಗಿಸುವುದು, ಹಿಟ್ಟು ಹಾಕಿ ನೋಡುವುದು, ಸೀದದ್ದನ್ನು ಕೆರೆಯುವುದು. ಮಧ್ಯಾಹ್ನದ ಊಟಕ್ಕೆ ದಿನವೂ ಅದೇ ಜೋಳದ ಮುದ್ದೆ. ಅತ್ತಿಗೆ ಕಳಿಸಿದ ಬಸ್ಸಾರಿನಲ್ಲಿ ಅದ್ದಿ ತಿನ್ನುತ್ತಾ, "ಅವ್ರು ಅಗ್ದು ತಿಂದಿದ್ದು ಯಾಕೆ ಅಂತ ಈಗ್ ಗೊತ್ತಾಯ್ತು ನೋಡು, ಇದು ನುಂಗಕ್ಕೇ ಆಗಲ್ಲ," ಎಂದು ಅಣ್ಣ ನಗಿಸುತ್ತಿದ್ದ. ಕೆಲಸದಲ್ಲಿ ಅವನಷ್ಟು ಒಳ್ಳೆಯ ಜೊತೆ ಇನ್ನೊಬ್ಬರಿಲ್ಲ. ಆ ಕಾಗದದ ವಿಷಯ ನೆನಪಾದಾಗ ಮಾತ್ರ ಅವನ ತಲೆಯ ಮೇಲೆ ಬಕೆಟ್ ನೀರು ಸುರಿಯಬೇಕು ಅನ್ನಿಸುತ್ತಿತ್ತು. ಕೊನೆಗೆ ಮೊಳದುದ್ದದ ಒಂದು ಸ್ಕ್ರೂ ಸರಿಯಾಗಿ ಬಂತು. ಉಗಾಲಿ ನುಣ್ಣಗೆ ಉರುಳಿತು.

ಅದೇ ವಾರ ಶೆಡ್ಡಿನ ಫೋನಿಗೆ ನೈರೋಬಿಯಿಂದ ಕರೆ ಬಂತು. ಅಣ್ಣ ಕಬ್ಬಿಣ ತರಲು ಹೋಗಿದ್ದ, ನಾನು ಎತ್ತಿಕೊಂಡೆ. ಆ ಕಡೆಯಿದ್ದವರು ಗ್ರೇಸ್ ಎಂಬ ವಕೀಲೆ. ನಮ್ಮ ಕಾಗದಗಳನ್ನು ಅಲ್ಲಿ ಸಲ್ಲಿಸುವ ಕೆಲಸವನ್ನು ಮೋಹನ್ ಅವರಿಗೆ ವಹಿಸಿದ್ದರಂತೆ. ಲೆಟರ್‌ಹೆಡ್ಡಿನಲ್ಲಿ ಈ ನಂಬರ್ ನೋಡಿ ಮಾಡಿದೆ ಎಂದರು. ಮಾತೆಲ್ಲ ಇಂಗ್ಲಿಷಿನಲ್ಲಿ ನಡೆಯಿತು. ಅವರ ಮೊದಲ ಪ್ರಶ್ನೆಯೇ, "ಸಹಿಯ ಮೇಲೆ ಇರುವುದು ರಕ್ತವೇ?" ಎಂದಾಗಿತ್ತು.

ನಾಚಿಕೆಯಿಂದ ನನಗೆ ನೆಲ ಬಾಯಿಬಿಡಬಾರದೇ ಅನ್ನಿಸಿತು. ಅರಿಶಿನ, ಕುಂಕುಮ, ಪೂಜೆ ಎಂದೆಲ್ಲ ವಿವರಿಸಿದೆ. ಗ್ರೇಸ್ ನಗಲಿಲ್ಲ. ಸೀಲು ಕಾಣುತ್ತಿಲ್ಲ, ಸಹಿ ಅಳಿಸಿ ತಿದ್ದಿದಂತೆ ಕಾಣುತ್ತದೆ, ಇಂಥ ಕಾಗದವನ್ನು ನಾನು ಮುಂದಿಡುವುದಿಲ್ಲ, ಹೊಸದಾಗಿ ಮಾಡಿಕಳಿಸಿ ಎಂದರು. ಸರಿ ಎಂದು ಫೋನ್ ಇಡುವುದರಲ್ಲಿದ್ದೆ.

"ಹೇಗೂ ಹೊಸದಾಗಿ ಮಾಡುತ್ತೀರಲ್ಲ, ಒಂದು ಮಾತು ಕೇಳಲೇ? ಮೋಹನ್ ಅವರಿಗೆ ಇಷ್ಟು ದೊಡ್ಡ ಪಾಲು ಯಾಕೆ ಕೊಡುತ್ತಿದ್ದೀರಿ? ಅವರು ಹಣ ಹಾಕುತ್ತಿದ್ದಾರಾ?"

"ಇಲ್ಲ. ಅದು ನಿಮ್ಮ ದೇಶದ ಕಾನೂನಲ್ಲವಾ?"

"ಹಾಗಂತ ಯಾರು ಹೇಳಿದರು? ನಿಮ್ಮ ಇಂಥ ವ್ಯಾಪಾರಕ್ಕೆ ಆ ನಿಯಮವೇ ಇಲ್ಲ. ಇಡೀ ಕಂಪನಿ ನಿಮ್ಮದೇ ಆಗಿರಬಹುದು," ಎಂದರು.

ಸ್ಟೂಲಿನ ಮೇಲೆ ಕೂತುಬಿಟ್ಟೆ. ಬೇಲಿಯೇ ಎದ್ದು ಹೊಲ ಮೇಯ್ದದ್ದು ನನ್ನ ಕಣ್ಣೆದುರಿಗಿತ್ತು. ಆ ಅರಿಶಿನಕ್ಕಾಗಿ ನಾನು ಅಣ್ಣನಿಗೆ ಬೈದ ಬೈಗುಳ ಸಣ್ಣದಲ್ಲ. ಅವನು ಅದನ್ನು ಹಚ್ಚದೆ ಇದ್ದಿದ್ದರೆ ಕಾಗದ ಮುಂದೆ ಹೋಗಿರುತ್ತಿತ್ತು, ಕಂಪನಿಯೇ ಕೈಬಿಟ್ಟು ಹೋಗಿರುತ್ತಿತ್ತು. ಹಾಗೆಂದು ಅವನ ಮೇಲಿನ ಸಿಟ್ಟು ಇಳಿಯಿತೇ ಎಂದರೆ ಇಲ್ಲ. ಆ ಕಾಗದವನ್ನು ಓದದೆ ಪೂಜೆ ಮಾಡಿದವನು ಅವನೇ ತಾನೆ? ಅವನು ಬಂದ ಕೂಡಲೆ ವಿಷಯ ಹೇಳಿ, ಮಳೆಯಲ್ಲೇ ಸ್ಕೂಟರಿನ ಹಿಂದೆ ಕೂರಿಸಿಕೊಂಡು ರಾಜಾಜಿನಗರಕ್ಕೆ ಹೋದೆ. ದಾರಿಯುದ್ದಕ್ಕೂ ಅವನು, "ಆಯಮ್ಮಂಗೆ ಗೊತ್ತಿರಲ್ಲ ಕಣೇ, ಸಾರ್ ಹಂಗೆಲ್ಲ ಮಾಡಲ್ಲ," ಎಂದು ಗೊಣಗುತ್ತಲೇ ಇದ್ದ.

ಶೇಖರ್ ಕುರ್ಚಿಯಿಂದ ಏಳಲಿಲ್ಲ. ನಾನು ಹೇಳಿದ್ದನ್ನು ಪೂರ್ತಿ ಕೇಳಿ, "ಅಮ್ಮಾ, ಕಾನೂನು ಬೇರೆ, ಪ್ರಾಕ್ಟಿಕಲ್ ಬೇರೆ. ಪರದೇಶದಲ್ಲಿ ನಮ್ಮೋರು ಅಂತ ಒಬ್ರು ಬೇಡ್ವಾ? ನಾಳೆ ತೊಂದ್ರೆ ಆದ್ರೆ ಯಾರ್ ನೋಡ್ಕೊಳ್ತಾರೆ?" ಎಂದರು.

"ಅವತ್ತು ಕಾನೂನು ಅಂದ್ರಿ ಸಾರ್. ಪ್ರಾಕ್ಟಿಕಲ್ ಅನ್ಲಿಲ್ಲ."

"ಮಾತಿಗ್ ಮಾತು ಬೆಳೆಸ್ಬೇಡಿ. ನಿಮ್ಮಪ್ಪನ ಸೈಟ್ ಉಳಿಸ್ದಾಗ ನಾನು ಪ್ರಾಕ್ಟಿಕಲ್ಲಾ ಕಾನೂನಾ ಅಂತ ಯಾರೂ ಕೇಳ್ಲಿಲ್ಲ."

"ಸೈಟ್ ಉಳಿಸಿದ್ದಕ್ಕೆ ನಿಮ್ ಫೀಸು ಕೊಟ್ಟಾಗಿದೆ. ಅದಕ್ಕೆ ನನ್ ಮಿಷನ್ ಯಾಕ್ ಸಾರ್ ಕೊಡ್ಬೇಕು? ಸುಳ್ಳು ಹೇಳಿ ನಿಮ್ ಷಡ್ಡಕಂಗೆ ಬರ್ಕೊಡೋಕೆ ಹೊರಟಿದ್ರಲ್ಲ, ನಾಚ್ಕೆ ಆಗಲ್ವಾ?"

ಹೊರಗೆ ಕೂತಿದ್ದ ಗುಮಾಸ್ತ ಬಾಗಿಲಿಗೆ ಬಂದು ನಿಂತ. ಶೇಖರ್ ನನ್ನನ್ನು ನೋಡಲಿಲ್ಲ, ಅಣ್ಣನ ಕಡೆ ತಿರುಗಿದರು. "ರಂಗಸ್ವಾಮಿ, ತಂಗೀನ ಕರ್ಕೊಂಡ್ ಹೋಗಪ್ಪ. ನಿಮ್ಮಪ್ಪ ಇದ್ದಿದ್ರೆ ಈ ಮಾತು ಕೇಳಿ ತಲೆ ತಗ್ಗಿಸ್ತಿದ್ರು." ಆಗ ಅಣ್ಣ ಮಾಡಿದ ಕೆಲಸ ನಾನು ಸಾಯುವ ತನಕ ಮರೆಯುವುದಿಲ್ಲ. ಎರಡೂ ಕೈ ಜೋಡಿಸಿ, "ತಪ್ಪಾಯ್ತು ಸಾರ್, ಅವ್ಳಿಗ್ ಮಾತಾಡೋಕ್ ಬರಲ್ಲ," ಎಂದ. ಸುಳ್ಳು ಹೇಳಿದವರ ಮುಂದೆ, ನಿಜ ಹೇಳಿದವಳ ಪರವಾಗಿ ಕ್ಷಮೆ ಕೇಳಿದ.

ಕೆಳಗೆ ಇಳಿದು ಬಂದ ಮೇಲೆ ಕಾಫಿಪುಡಿ ಅಂಗಡಿಯ ಮುಂದೆಯೇ ನಮಗೆ ಜಗಳವಾಯಿತು. ಪುಡಿ ಕೊಳ್ಳಲು ನಿಂತಿದ್ದವರೆಲ್ಲ ತಿರುಗಿ ನೋಡಿದರು.

"ಅಷ್ಟ್ ದೊಡ್ ಮನುಷ್ಯಂಗೆ ಹಂಗ್ ಮಾತಾಡ್ತೀಯಾ? ನನ್ ಮಾನ ಕಳ್ದೆ," ಎಂದ.

"ಮಾನ ಇದ್ದಿದ್ರೆ ನೀನೇ ಕೇಳ್ತಿದ್ದೆ."

"ಋಣ ಅಂತ ಒಂದಿರುತ್ತೆ ಕಣೇ. ಅವ್ರು ಇಲ್ದಿದ್ರೆ ಸೈಟೂ ಇಲ್ಲ, ಮನೇನೂ ಇಲ್ಲ. ಪಾಲು ಹೋದ್ರೆ ಹೋಗ್ಲಿ, ಅವ್ರಿಗೇ ತಾನೆ."

"ಯಾರದೋ ದುಡ್ಡು ಯಲ್ಲಮ್ಮನ ಜಾತ್ರೆ! ನೀನ್ ಕೊಡ್ತಿರೋದು ನನ್ ಪಾಲು ಅಣ್ಣ. ನಂಗೆ ಅರ್ಧ ಅಂತ ಅಪ್ಪನಾಣೆ ಇಟ್ಟೆ."

"ಬಾಯ್ಮಾತಿಗೆ ಹೇಳಿದ್ದನ್ನೆಲ್ಲ ಹಿಡ್ಕೊಂಡ್ ಕೂತ್ಕೊಂಡ್ರೆ ಆಗುತ್ತಾ?" ಎಂದ.

ಅದೊಂದು ಮಾತಿಗೆ ನನ್ನೊಳಗೆ ಏನೋ ಮುರಿದು ಹೋಯಿತು. ಅವನನ್ನು ಅಲ್ಲೇ ಬಿಟ್ಟು ಶೆಡ್ಡಿಗೆ ಬಂದೆ. ಹೊಸ ಮಿಷನ್ನಿನ ಬೋಲ್ಟು ಬಿಚ್ಚಿ ಸ್ಕ್ರೂ ಹೊರಗೆ ಎಳೆದೆ. ಹಳೇ ಪೇಪರಿನಲ್ಲಿ ಸುತ್ತಿ, ಅದರ ಡ್ರಾಯಿಂಗುಗಳನ್ನೂ ತೆಗೆದುಕೊಂಡು ಮೂಡಲಪಾಳ್ಯಕ್ಕೆ ಹೊರಟೆ. ಮನೆಯಲ್ಲಿ ಹೈಸ್ಕೂಲ್ ಮೇಷ್ಟ್ರಾದ ನಮ್ಮ ಯಜಮಾನರು ಪೇಪರ್ ಕಟ್ಟು ನೋಡಿ, "ಏನದು?" ಎಂದರು. "ನನ್ನ ಪಾಲು," ಎಂದೆ. ಅವರು ಅದನ್ನು ಅಟ್ಟದ ಮೇಲೆ ಎತ್ತಿಡಲು ಕೈಜೋಡಿಸಿದರು.

ಶ್ರಾವಣ ಪೂರ್ತಿ ಅಣ್ಣ ನಾನು ಮಾತಾಡಲಿಲ್ಲ. ನಾನು ಶೆಡ್ಡಿಗೆ ಹೋಗಲಿಲ್ಲ. ಅಣ್ಣ ಅಂದಾಜಿನ ಮೇಲೆ ಇನ್ನೊಂದು ಸ್ಕ್ರೂ ತಿರುಗಿಸಲು ನೋಡಿದನಂತೆ, ಹಿಟ್ಟು ಸೀದು ಶೆಡ್ಡೆಲ್ಲ ಹೊಗೆಯಾಯಿತಂತೆ. ಕೇಳಿ ಸಂತೋಷಪಟ್ಟೆ. ಅತ್ತ ಗ್ರೇಸ್ ಜೊತೆ ನಾನೇ ಮಾತಾಡಿದೆ. ಇನ್ನು ಮುಂದೆ ನೀವು ನಮ್ಮ ವಕೀಲರಾಗುತ್ತೀರಾ ಎಂದು ಕೇಳಿದೆ. ಅವರು ಮೋಹನ್ ಕೊಟ್ಟ ಕೆಲಸವನ್ನು ಬಿಟ್ಟು, ಆಮೇಲೆ ಒಪ್ಪಿಕೊಂಡರು. ಇಲ್ಲಿಯ ಸಿಎ ಹತ್ತಿರ ಏನು ಮಾಡಿಸಬೇಕು, ಬ್ಯಾಂಕಿನಿಂದ ಏನೇನು ಒಪ್ಪಿಗೆ ಬೇಕು, ಎಲ್ಲ ಒಂದೊಂದಾಗಿ ಬಿಡಿಸಿ ಹೇಳಿದರು. ನಡುವೆ ಒಂದು ದಿನ ಸಹಜವಾಗಿ, "ಡಿಸೈನ್ ಯಾರದು?" ಎಂದು ಕೇಳಿದ್ದರು. ಆ ಪ್ರಶ್ನೆಯನ್ನು ನನಗೆ ಅಲ್ಲಿಯ ತನಕ ಯಾರೂ ಕೇಳಿರಲಿಲ್ಲ. "ನನ್ನದು," ಎಂದು ಹೇಳಿ ಫೋನ್ ಇಟ್ಟ ಮೇಲೆ ಅಡುಗೆಮನೆಯಲ್ಲಿ ಕೂತು ಚೆನ್ನಾಗಿ ಅತ್ತೆ.

ಗೌರಿ ಹಬ್ಬ ಬಂತು. ತವರಿನಿಂದ ಅಣ್ಣನೇ ಬಾಗಿನ ತಂದುಕೊಡುವುದು ನಮ್ಮಲ್ಲಿಯ ಪದ್ಧತಿ. ಆ ವರ್ಷ ಅತ್ತಿಗೆ ಒಬ್ಬರೇ ಆಟೊದಲ್ಲಿ ಬಂದರು. ಮೊರದ ಬಾಗಿನವನ್ನು ಮಡಿಲಿಗೆ ಕೊಟ್ಟು, ಸೆರಗಿನಲ್ಲಿ ಮುಖ ಒರೆಸಿಕೊಂಡರು.

"ನಿಮ್ಮಣ್ಣಂಗೆ ತಪ್ಪು ಗೊತ್ತಾಗಿದೆ ಸರೋಜಾ. ಊಟಕ್ ಕೂತ್ರೆ ತಟ್ಟೆ ನೋಡ್ಕೊಂಡ್ ಕೂತಿರ್ತಾರೆ. ಗಂಡಸಲ್ವಾ, ಬಾಯಿ ಬಿಟ್ಟು ಹೇಳೋಕಾಗಲ್ಲ."

"ಲಾಯರ್‌ಗೆ ಬಾಯಿಬಿಟ್ಟು ತಪ್ಪಾಯ್ತು ಅನ್ನೋಕಾಯ್ತಲ್ಲ ಅತ್ತಿಗೆ?"

"ನೀವೇ ಒಂದ್ ಹೆಜ್ಜೆ ಸೋತ್ರೆ ಏನಾಗುತ್ತೆ? ತವರುಮನೆ ಅಲ್ವಾ."

"ಸೈಟ್ ವಿಷ್ಯದಲ್ಲಿ ಸೋತಾಯ್ತು. ಒಂದು ಜನ್ಮಕ್ಕೆ ಅಷ್ಟು ಸಾಕು," ಎಂದೆ. ಬಾಗಿನ ತೆಗೆದುಕೊಂಡೆ, ಮಾತನ್ನು ವಾಪಸ್ ಕಳಿಸಿದೆ. ಒಬ್ಬಟ್ಟು ಬಡಿಸಿದರೆ ಅತ್ತಿಗೆ ಅರ್ಧ ತಿಂದು ಎದ್ದರು. ಅವರ ಮೇಲೆ ನನಗೆ ಕೋಪವಿರಲಿಲ್ಲ. ಆದರೂ ಕಟುವಾಗಿಯೇ ಮಾತಾಡಿದೆ, ಯಾಕೆಂದರೆ ಅದು ಅಣ್ಣನಿಗೆ ತಲುಪಬೇಕಿತ್ತು.

ಮಳೆ ಹಿಂದಾಗಿ ಆಯುಧ ಪೂಜೆ ಹತ್ತಿರವಾಯಿತು. ಹಬ್ಬದ ಹಿಂದಿನ ದಿನ ಇಳಿಹೊತ್ತಿನಲ್ಲಿ ಅಣ್ಣ ನಮ್ಮ ಗೇಟಿನ ಮುಂದೆ ನಿಂತಿದ್ದ. ಶೆಡ್ಡು ತೊಳೆದು, ಮಿಷನ್ನುಗಳಿಗೆ ಗಂಧ ಅರಿಶಿನ ಹಚ್ಚಿ ಹಾಗೇ ಬಂದವನ ಕೈಯೆಲ್ಲ ಹಳದಿ. ತೆಳ್ಳಗಾಗಿದ್ದ. ಒಳಗೆ ಬಾ ಎಂದು ನಾನು ಹೇಳಲಿಲ್ಲ, ಅವನೇ ಚಪ್ಪಲಿ ಬಿಟ್ಟು ಬಂದು ಕೂತ.

"ಹೊಸ ಮಿಷನ್ನು ಹೊಟ್ಟೆ ಬಗೆದಂಗೆ ನಿಂತಿದೆ ಕಣೇ. ಅದಕ್ ಹೆಂಗ್ ಪೂಜೆ ಮಾಡ್ಲಿ? ಸ್ಕ್ರೂ ಕೊಡು," ಎಂದ.

ನಾನು ಒಳಗೆ ಹೋಗಿ ಎರಡೂ ತಂದು ಮೇಜಿನ ಮೇಲಿಟ್ಟೆ. ಪೇಪರಿನಲ್ಲಿ ಸುತ್ತಿದ ಸ್ಕ್ರೂ ಒಂದು ಕಡೆ, ಗ್ರೇಸ್ ಬರೆದು ಕಳಿಸಿದ್ದ ನಮ್ಮಿಬ್ಬರ ನಡುವಿನ ಒಪ್ಪಂದ ಇನ್ನೊಂದು ಕಡೆ. ಕಂಪನಿಯಲ್ಲಿ ಅರ್ಧ ಅವನದು, ಅರ್ಧ ನನ್ನದು, ಡಿಸೈನು ನನ್ನದು. ಬೇರೆ ಯಾರ ಹೆಸರೂ ಇರಲಿಲ್ಲ. ಸಾಲು ಸಾಲಾಗಿ ಕನ್ನಡದಲ್ಲಿ ಓದಿ ಹೇಳಿದೆ. ಅವನು ತಲೆ ಬಗ್ಗಿಸಿಕೊಂಡೇ ಕೇಳಿ, ಜೇಬಿನಿಂದ ಪೆನ್ನು ತೆಗೆದ.

"ಮೊದ್ಲು ಕೈ ತೊಳ್ಕೊಂಡ್ ಬಾ," ಎಂದೆ.

ಹಿತ್ತಲಿನ ನಲ್ಲಿಯಲ್ಲಿ ಸೋಪು ಹಚ್ಚಿ, ಉಗುರಿನ ಸಂದಿಯನ್ನೂ ಉಜ್ಜಿ ತೊಳೆದು ಬಂದ. ಚಿಕ್ಕ ಹುಡುಗನ ಹಾಗೆ ಎರಡು ಕೈಯನ್ನೂ ನನ್ನ ಮುಂದೆ ಹಿಡಿದು ತೋರಿಸಿದ. ನನಗೆ ಒಂದು ಕ್ಷಣ ನಗು ಬಂತು, ತೋರಿಸಿಕೊಳ್ಳಲಿಲ್ಲ. ಪ್ರತಿ ಹಾಳೆಗೂ ನಿಧಾನವಾಗಿ ಸಹಿ ಹಾಕಿದ, ಈ ಸಲ ಎಲ್ಲಿ ಏನಿದೆ ಎಂದು ಕೇಳಿ ಕೇಳಿ ಹಾಕಿದ. ಮುಗಿದ ಮೇಲೆ ಪೆನ್ನಿನ ಮುಚ್ಚಳ ಹಾಕುತ್ತಾ, "ಶೇಖರ್ ಸಾರ್‌ಗೆ ಏನ್ ಹೇಳ್ಲಿ ಸರೋಜಾ? ಋಣ ಹಂಗೇ ಉಳೀತಲ್ಲ," ಎಂದ.

ಇಷ್ಟೆಲ್ಲ ಆದ ಮೇಲೂ ಅದೇ ಮಾತು. ನನಗೆ ಕಿರುಚಬೇಕು ಅನ್ನಿಸಿತು, ಆದರೆ ಕಿರುಚಲಿಲ್ಲ. ಒಂದು ಬಿಳಿ ಹಾಳೆ ತಂದು ಅವನ ಮುಂದೆ ಇಟ್ಟೆ.

"ತೀರಿಸ್ಬಿಡಣ್ಣ. ಈಗ ಅರ್ಧ ನಿಂದೇ ಅಲ್ವಾ, ಅದ್ರಲ್ಲಿ ಎಷ್ಟ್ ಬೇಕೋ ಬರ್ಕೊಡು. ಐವತ್ತೂ ಕೊಟ್ರೂ ನಾನು ಬೇಡ ಅನ್ನಲ್ಲ. ಪೆನ್ನು ನಿನ್ ಕೈಲೇ ಇದೆ."

ಅಣ್ಣ ಆ ಬಿಳಿ ಹಾಳೆಯನ್ನು ಬಹಳ ಹೊತ್ತು ನೋಡಿದ. ಬೀದಿಯಲ್ಲಿ ಯಾರೋ ಬೂದುಗುಂಬಳಕಾಯಿ ಮಾರಿಕೊಂಡು ಹೋದರು. ಕಾಫಿ ಮಾಡಲೇ ಎಂದು ಕೇಳಿದೆ, ಬೇಡ ಎಂದ. ಆಮೇಲೆ ಪೆನ್ನನ್ನು ಜೇಬಿಗೆ ಸಿಕ್ಕಿಸಿಕೊಂಡು, ಸ್ಕ್ರೂವನ್ನು ಮಗುವಿನ ಹಾಗೆ ಎದೆಗೆ ಅವಚಿಕೊಂಡು, ಚಪ್ಪಲಿ ಮೆಟ್ಟಿ ಹೊರಟ. ಶೇಖರ್ ಸಾರ್ ಋಣದ ಮಾತನ್ನು ಅಂದಿನಿಂದ ಇಂದಿನ ತನಕ ಅವನು ನನ್ನ ಮುಂದೆ ಎತ್ತಿಲ್ಲ.